ರೇಕಿನ ಚಿನ್ನ, ಬೂದಿಯ ಚಿನ್ನ

ಹಳೆಯ ಮನೆಗಳನ್ನು ಬಿಚ್ಚಿ ಹೊಸದಾಗಿ ಕಟ್ಟಿಕೊಳ್ಳುವ ಕಾಲವಿದು. ಅಟ್ಟದ ಮೇಲಿನಿಂದ ಚಿನ್ನದ ಕೆಲಸದ ಪಟವೊಂದು ಕೆಳಗಿಳಿಯುತ್ತದೆ. ಗಾಜು ಒಡೆದಿರುತ್ತದೆ, ಮರದ ಕಟ್ಟನ್ನು ಹುಳು ತಿಂದಿರುತ್ತದೆ, ದೇವರ ಕಿರೀಟ ಮಾತ್ರ ನಿನ್ನೆ ಬರೆದಂತೆ ಹೊಳೆಯುತ್ತಿರುತ್ತದೆ. ಪೆಟ್ಟಿಗೆಯ ತಳದಲ್ಲಿ ಅಜ್ಜಿಯ ಧಾರೆಯ ಸೀರೆ ಸಿಕ್ಕುತ್ತದೆ; ರೇಷ್ಮೆಯು ಮಡಿಕೆ ಮಡಿಕೆಗೂ ಸೀಳಿಹೋಗಿದ್ದರೂ ಸೆರಗಿನ ಜರಿ ಗಟ್ಟಿಯಾಗಿಯೇ ಇರುತ್ತದೆ. ಇದರಲ್ಲಿ ಚಿನ್ನವೆಷ್ಟಿದ್ದೀತು, ಅದನ್ನು ಹೊರಗೆ ತೆಗೆಯುವ ಬಗೆ ಯಾವುದು, ಎಂಬ ಪ್ರಶ್ನೆ ಆಗ ಯಾವ ಗೃಹಸ್ಥನಿಗಾದರೂ ಹುಟ್ಟತಕ್ಕದ್ದೇ ಸರಿ. ಚಿನ್ನದ ಧಾರಣೆ ಏರಿದಷ್ಟೂ ಈ ಪ್ರಶ್ನೆಯನ್ನು ಕೇಳುವವರೂ ಹೆಚ್ಚುತ್ತಾರೆ. ಉತ್ತರ ಹೇಳುತ್ತೇವೆಂದು ಬೀದಿಯಲ್ಲಿ ಕೂಗಿಕೊಂಡು ಬರುವವರೂ ಹೆಚ್ಚುತ್ತಾರೆ. ಆದಕಾರಣ ಈ ತಿಂಗಳು ನಾವು ಈ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ಮೊದಲು ರೇಕಿನ ಮಾತು. ಚಿನ್ನವು ಬಡಿದಷ್ಟೂ ಹರಡುವ ಲೋಹ. ಕುಶಲನಾದ ಕೆಲಸಗಾರನು ಚಿನ್ನದ ತಗಡಿನ ತುಂಡುಗಳನ್ನು ತೊಗಲಿನ ಹಾಳೆಗಳ ನಡುವೆ ಇಟ್ಟು, ಕಟ್ಟಿ, ಸುತ್ತಿಗೆಯಿಂದ ಗಂಟೆಗಟ್ಟಲೆ ಬಡಿದು, ಅದನ್ನು ಒಂದು ಮಿಲಿಮೀಟರಿನ ಹತ್ತು ಸಾವಿರ ಪಾಲಿನಲ್ಲಿ ಒಂದು ಪಾಲಿನಷ್ಟು ತೆಳುವಾಗಿಸುತ್ತಾನೆ. ಬೆಳಕಿಗೆ ಹಿಡಿದರೆ ಆ ರೇಕಿನ ಮೂಲಕ ಹಸುರು ಛಾಯೆ ಕಾಣುತ್ತದೆ. ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಇನ್ನು ಲೆಕ್ಕವನ್ನು ನೋಡೋಣ. ಚಿನ್ನವು ನೀರಿಗಿಂತ ೧೯.೩ ಪಟ್ಟು ಭಾರ. ೮ ಸೆಂಟಿಮೀಟರ್ ಚೌಕದ ಒಂದು ರೇಕಿನಲ್ಲಿ ಸುಮಾರು ೧೨ ಮಿಲಿಗ್ರಾಂ ಚಿನ್ನವಿರುತ್ತದೆ. ಎಂಬತ್ತು ರೇಕುಗಳು ಕೂಡಿದರೆ ಒಂದು ಗ್ರಾಂ. ಒಂದು ಗೇಣು ಉದ್ದ ಒಂದು ಗೇಣು ಅಗಲದ ಜಾಗವನ್ನು ಪೂರ್ತಿಯಾಗಿ ಚಿನ್ನದ ರೇಕಿನಿಂದ ಮುಚ್ಚಿದರೂ ಅಲ್ಲಿರುವ ಚಿನ್ನ ಒಂದು ಗುಲಗಂಜಿಯ ತೂಕಕ್ಕೆ ಬಾರದು. ಹಿಂದಿನವರ ರೇಕು ಈಗಿನದಕ್ಕಿಂತ ದಪ್ಪವಾಗಿತ್ತೆಂದು ಎರಡರಷ್ಟು ಮೂರರಷ್ಟು ಹಿಡಿದರೂ ಎರಡು ಮೂರು ಗುಲಗಂಜಿಗಳಾದೀತು, ಅಷ್ಟೇ.

ಮೈಸೂರು ಶೈಲಿಯ ಚಿತ್ರಗಳಲ್ಲಿ ಮಕ್ಕಿ ಸಫೇದದ ಉಬ್ಬುಗೆಲಸದ ಮೇಲೆ ಅಂಟಿಸಿರುವುದು ಇಂಥ ರೇಕನ್ನೇ. ಕಿರೀಟ, ಪ್ರಭಾವಳಿ, ಸೀರೆಯ ಅಂಚು ಎಲ್ಲವನ್ನೂ ಕೆರೆದು ತೆಗೆದರೆ ಬರುವುದು ಚಿಟಿಕೆಯಷ್ಟು ಸಫೇದದ ಪುಡಿ. ಅದರೊಳಗೆ ಕಣ್ಣಿಗೆ ಕಾಣದಷ್ಟು ಚಿನ್ನ. ಹೋಗುವುದು ಮಾತ್ರ ನೂರು ವರ್ಷದ ಚಿತ್ರ. ಇದು ತಿಳಿಯದೆ ಚಾಕುವಿನಿಂದ ಕೆರೆದ ಪಟಗಳು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಮುಖ ಕಳೆದುಕೊಂಡು ನಿಂತಿರುವುದನ್ನು ನೋಡಿದಾಗ ನಮಗೆ ಹೊಟ್ಟೆ ಉರಿಯುತ್ತದೆ. ಹೊಳೆಯುವುದೆಲ್ಲ ಚಿನ್ನವೆಂಬ ನಂಬಿಕೆಯೂ ಬೇಡ. ಬೇಗಡೆಯೆಂದು ಕರೆಯುವ ಹಿತ್ತಾಳೆಯ ತೆಳು ಹಾಳೆ ಹೊಸದರಲ್ಲಿ ಚಿನ್ನದಂತೆಯೇ ಕಾಣುತ್ತದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳ ಹೊನ್ನಿನ ಕಾಂತಿಗೆ ಮೂಲ ತವರದ ಪುಡಿ. ಐವತ್ತು ವರ್ಷ ಹೊಗೆ ಹಿಡಿದ ಅಟ್ಟದಲ್ಲಿದ್ದೂ ಒರಸಿದೊಡನೆ ಹಳದಿಯಾಗಿಯೇ ಹೊಳೆದರೆ ಚಿನ್ನವಿರಬಹುದು. ಹಸುರುಗಟ್ಟಿದ್ದರೆ ಅಥವಾ ಕಪ್ಪಾಗಿದ್ದರೆ ಅದು ಬೇಗಡೆಯೇ.

ಹಾಗಾದರೆ ರೇಕಿನ ಚೂರುಗಳಿಂದ ಚಿನ್ನವನ್ನು ತೆಗೆಯುವವರು ಯಾರೂ ಇಲ್ಲವೋ ಎಂದರೆ, ಉಂಟು. ರೇಕಿನ ಕೆಲಸವನ್ನೇ ಮಾಡುವ ಕಾರ್ಖಾನೆಯಲ್ಲಿ ಕತ್ತರಿಸಿದ ಅಂಚು, ಹರಿದ ರೇಕು, ಅಂಟಿನ ಕುಂಚ, ಒತ್ತಿದ ಹತ್ತಿ, ನೆಲದ ಕಸ ಇವೆಲ್ಲವನ್ನೂ ಒಂದು ಡಬ್ಬಿಯಲ್ಲಿ ಕೂಡಿಸಿಡುತ್ತಾರೆ. ವರ್ಷಕ್ಕೊಮ್ಮೆ ಅದರಿಂದ ಲಾಭವಾಗುತ್ತದೆ. ಆದರೆ ಇದು ಸುಲಭವಾದ ಕೆಲಸವಲ್ಲ. ಏಕೆ ಅಲ್ಲವೆಂಬುದನ್ನು ತಿಳಿಯಲು ನಾವು ಹೊನ್ನಾಳಿ ಸೀಮೆಯ ಹಳ್ಳಗಳ ಕಡೆಗೆ ಸ್ವಲ್ಪ ಹೋಗಿಬರಬೇಕು.

ಹೊನ್ನಾಳಿಯೆಂಬ ಹೆಸರಿನಲ್ಲಿಯೇ ಹೊನ್ನು ಕೇಳಿಸುತ್ತದೆ. ಆ ಹೆಸರಿನ ನಿಷ್ಪತ್ತಿಯ ಜಗಳ ಪಂಡಿತರಿಗಿರಲಿ. ಆ ನೆಲದಲ್ಲಿ ಚಿನ್ನವಿರುವುದು ಮಾತ್ರ ನಿಜ. ಹಿಂದೆ ಶಿವಮೊಗ್ಗ ಜಿಲ್ಲೆಗೆ ಸೇರಿದ್ದು ೧೯೯೭ರಲ್ಲಿ ಚನ್ನಗಿರಿಯೊಡನೆ ಹೊಸ ದಾವಣಗೆರೆ ಜಿಲ್ಲೆಗೆ ಬಂದ ಈ ತಾಲ್ಲೂಕಿನಲ್ಲಿ, ಈಚೆಗೆ ಬೇರೆ ತಾಲ್ಲೂಕಾದ ನ್ಯಾಮತಿಯ ಕಡೆ, ಪಲವನಹಳ್ಳಿ ಮತ್ತು ಕುದುರೆಕೊಂಡದ ಸುತ್ತಲಿನ ಕಲ್ಲಿನಲ್ಲಿ ಬಿಳಿಯ ಬೆಣಚಿನ ಎಳೆಗಳಿವೆ. ಆ ಎಳೆಗಳಲ್ಲಿ ಅಲ್ಲಲ್ಲಿ ಚಿನ್ನವುಂಟು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್‌ರವರು ೧೮೮೭ರಲ್ಲಿ ಮೈಸೂರು ಸಂಸ್ಥಾನದ ಚಿನ್ನದ ನೆಲಗಳನ್ನು ಸುತ್ತಿ ನೋಡಿದಾಗ ಇದೂ ಆ ಪಟ್ಟಿಗೆ ಸೇರಿತು. ಕೋಲಾರದಂಥ ದೊಡ್ಡ ಗಣಿಯೇನೂ ಇಲ್ಲಿ ಬೆಳೆಯಲಿಲ್ಲ. ಆದರೆ ಮಳೆಯು ಕಲ್ಲನ್ನು ಸವೆಯಿಸಿ ಹಳ್ಳಗಳಿಗೆ ತಂದ ಮರಳಿನಲ್ಲಿ ಚಿನ್ನದ ಕಣಗಳನ್ನು ಹುಡುಕುವುದು ಗಣಿಗಳಿಗಿಂತ ಬಹಳ ಹಳೆಯದಾದ ವೃತ್ತಿ.

ಆ ವೃತ್ತಿಯವರೇ ಜಲಗಾರರು. ಈಗ ಈ ಪದಕ್ಕೆ ಬೀದಿ ಗುಡಿಸುವವನೆಂಬ ಅರ್ಥವೇ ಮುಂದಾಗಿ ನಿಂತಿದೆ. ಮೊದಲು ಮಣ್ಣನ್ನು ತೊಳೆದು ಚಿನ್ನ ತೆಗೆಯುವವನಿಗೆ ಆ ಹೆಸರಿತ್ತು. ಧಾರವಾಡದ ಕಡೆ ಕಪ್ಪತಗುಡ್ಡದ ಸುತ್ತ ಡೋಣಿ, ಸೊರಟೂರುಗಳ ಹಳ್ಳಗಳಲ್ಲಿಯೂ ಇವರು ಮಳೆಗಾಲ ಕಳೆದ ಮೇಲೆ ಮರದ ಮರಿಗೆಗಳನ್ನು ಹಿಡಿದು ಕೂಡುತ್ತಿದ್ದರು. ಮರಿಗೆಯಲ್ಲಿ ಮರಳನ್ನೂ ನೀರನ್ನೂ ಹಾಕಿ ಓಲಾಡಿಸಿದರೆ ಹಗುರವಾದ ಮರಳು ಅಂಚಿನಿಂದ ಹರಿದುಹೋಗುತ್ತದೆ, ಕಪ್ಪು ಮರಳು ಉಳಿಯುತ್ತದೆ, ಅದರ ಕೆಳಗೆ ಚಿನ್ನ ನಿಲ್ಲುತ್ತದೆ. ನಮ್ಮ ಗೃಹಿಣಿಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಕ್ಕಿಯನ್ನು ಜಾಲಿಸಿ ಕಲ್ಲು ಬೇರೆ ಮಾಡುವ ಕೈಚಳಕವೇ ಇದು. ವ್ಯತ್ಯಾಸವಿಷ್ಟೆ: ಅಡಿಗೆಮನೆಯಲ್ಲಿ ತಳದಲ್ಲಿ ನಿಂತದ್ದನ್ನು ಚೆಲ್ಲುತ್ತೇವೆ, ಹಳ್ಳದಲ್ಲಿ ತಳದಲ್ಲಿ ನಿಂತದ್ದನ್ನು ಇಟ್ಟುಕೊಳ್ಳುತ್ತಾರೆ.

ಹಳ್ಳದಲ್ಲಿ ನೀರು ಬತ್ತಿದ ತಿಂಗಳುಗಳಲ್ಲಿ ಈ ಜನ ಊರೊಳಕ್ಕೆ ಬರುತ್ತಿದ್ದರು. ಅಕ್ಕಸಾಲೆಯವನ ಅಗ್ಗಿಷ್ಟಿಕೆಯ ಬೂದಿ, ಅವನು ಕುಳಿತ ಜಾಗದ ಕಸ, ಬಾಗಿಲ ಮುಂದಿನ ಮೋರಿಯ ಕೆಸರು ಇವೆಲ್ಲವನ್ನೂ ಗುತ್ತಿಗೆ ಹಿಡಿದು ಅದೇ ಮರಿಗೆಯಲ್ಲಿ ತೊಳೆಯುತ್ತಿದ್ದರು. ಅರದ ಪುಡಿ, ಬೆಸುಗೆಯ ಸಿಡಿ, ಮೂಸೆಯ ಚೂರು, ಯಾವುದೂ ಅವರ ಕೈಯಿಂದ ತಪ್ಪುತ್ತಿರಲಿಲ್ಲ. ದೊಡ್ಡ ಪಟ್ಟಣಗಳ ಚಿನಿವಾರ ಪೇಟೆಗಳಲ್ಲಿ ಬೆಳಗಿನ ಜಾವ ಅಂಗಡಿ ತೆರೆಯುವ ಮುಂಚೆ ಬೀದಿಯನ್ನು ಗುಡಿಸಿ ಧೂಳನ್ನು ಚೀಲಕ್ಕೆ ತುಂಬಿಕೊಳ್ಳುವವರು ಇಂದಿಗೂ ಇದ್ದಾರೆ. ಚಿನ್ನವು ತುಕ್ಕು ಹಿಡಿಯದು, ಕೊಳೆಯದು, ಸುಟ್ಟರೆ ಹೊಗೆಯಾಗಿ ಹೋಗದು. ಎಲ್ಲಿ ಬಿದ್ದಿತೋ ಅಲ್ಲಿಯೇ ಇರುತ್ತದೆ. ಈ ಒಂದು ಗುಣದ ಮೇಲೆ ಅನೇಕ ಸಂಸಾರಗಳು ನಡೆದಿವೆ. ಕೋಲಾರದ ಗಣಿಗಳು ೨೦೦೧ರ ಫೆಬ್ರವರಿಯಲ್ಲಿ ಮುಚ್ಚಿದರೂ, ಅಲ್ಲಿ ಗುಡ್ಡಗಳಂತೆ ಬಿದ್ದಿರುವ ಸಯನೈಡ್ ಮಣ್ಣಿನಲ್ಲಿ ಉಳಿದ ಚಿನ್ನದ ಮೇಲೆ ಜನರ ಕಣ್ಣು ಇನ್ನೂ ಇರುವುದು ಇದರಿಂದಲೇ.

ಈಗ ರೇಕಿನ ವಿಚಾರಕ್ಕೆ ಬರೋಣ. ಜಲಗಾರನ ಮರಿಗೆಗೆ ಅರದ ಪುಡಿ ಸಿಕ್ಕುತ್ತದೆ, ರೇಕು ಸಿಕ್ಕುವುದಿಲ್ಲ. ಲೋಹಗಳಲ್ಲಿಯೇ ಭಾರವಾದವುಗಳಲ್ಲಿ ಒಂದಾದ ಚಿನ್ನ ರೇಕಾದಾಗ ನೀರಿನ ಮೇಲೆ ತೇಲುತ್ತದೆ! ಅಷ್ಟು ತೆಳುವಾದ ಹಾಳೆಗೆ ನೀರಿನ ಮೇಲ್ಪದರವನ್ನು ಹರಿದು ಇಳಿಯುವಷ್ಟು ಭಾರವೇ ಇರುವುದಿಲ್ಲ. ತೊಳೆದರೆ ಮರಳಿನೊಡನೆ ಅದೂ ಹರಿದುಹೋಗುತ್ತದೆ. ಆದ್ದರಿಂದ ರೇಕಿನ ಕಸವನ್ನು ತೊಳೆಯುವ ಮೊದಲು ಸುಡಬೇಕು. ಕಾಗದ, ಹತ್ತಿ, ಕುಂಚದ ಕೂದಲು, ಅಂಟು ಎಲ್ಲವೂ ಬೂದಿಯಾಗಬೇಕು. ಅದೂ ಗಾಳಿಯಾಡದ ಕಡೆ, ಮುಚ್ಚಳವಿಟ್ಟು, ನಿಧಾನವಾಗಿ. ಇಲ್ಲದಿದ್ದರೆ ಬೂದಿಯೊಡನೆ ರೇಕು ಹಾರುತ್ತದೆ. ಆಮೇಲೆ ಬೂದಿಗೆ ಬಿಳಿಗಾರವನ್ನು ಬೆರಸಿ ಮೂಸೆಯಲ್ಲಿ ಕರಗಿಸಿದರೆ, ಬಿಳಿಗಾರವು ಸುಣ್ಣ ಮಣ್ಣುಗಳನ್ನು ಗಾಜಿನಂತೆ ಮಾಡಿ ಮೇಲಕ್ಕೆತ್ತುತ್ತದೆ, ಚಿನ್ನದ ಕಣಗಳು ಒಂದಕ್ಕೊಂದು ಕೂಡಿ ತಳದಲ್ಲಿ ಗುಂಡಾಗುತ್ತವೆ. ಚಿನ್ನ ಕರಗಲು ೧೦೬೪ ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಮನೆಯ ಒಲೆಯಿಂದ ಇದು ಆಗತಕ್ಕ ಕೆಲಸವಲ್ಲ.

ಜರಿ ಸೀರೆಯ ಸಂಗತಿಯೂ ಇದರ ಸೋದರನೇ. ಹಿಂದೆ ಜರಿಯನ್ನು ಮಾಡುವಾಗ ಬೆಳ್ಳಿಯ ಕೋಲಿಗೆ ಚಿನ್ನದ ರೇಕನ್ನು ಸುತ್ತಿ, ಕಾಯಿಸಿ, ಒಂದಾಗಿಸಿ, ಬಳಿಕ ಸಣ್ಣ ಸಣ್ಣ ತೂತುಗಳಲ್ಲಿ ಎಳೆದೆಳೆದು ಕೂದಲಿನಂಥ ತಂತಿ ಮಾಡುತ್ತಿದ್ದರು. ಅದನ್ನು ಚಪ್ಪಟೆಯಾಗಿಸಿ ರೇಷ್ಮೆ ದಾರಕ್ಕೆ ಸುತ್ತುತ್ತಿದ್ದರು. ಈಗ ವಿದ್ಯುತ್ತಿನಿಂದ ಚಿನ್ನದ ಪೂಸಣಿಕೆ ಕೊಡುತ್ತಾರೆ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದವರು ತಮ್ಮ ಮೈಸೂರು ರೇಷ್ಮೆಯ ಜರಿಯಲ್ಲಿ ನೂರಕ್ಕೆ ೬೫ ಪಾಲು ಬೆಳ್ಳಿ, ನೂರಕ್ಕೆ ೦.೬೫ ಪಾಲು ಚಿನ್ನವೆಂದು ಹೇಳುತ್ತಾರೆ. ಎಂದರೆ ಒಂದು ಸೀರೆಯಲ್ಲಿ ೪೦ ಗ್ರಾಂ ಅಂಥ ಜರಿಯಿದ್ದರೆ ಬೆಳ್ಳಿ ೨೬ ಗ್ರಾಂ, ಚಿನ್ನ ೦.೨೬ ಗ್ರಾಂ, ಅಂದರೆ ಎರಡು ಗುಲಗಂಜಿಗಿಂತ ಚೂರು ಹೆಚ್ಚು. ಚಿನ್ನದ ಜರಿಯೆಂದು ಹೆಸರು, ತೂಕವೆಲ್ಲ ಬೆಳ್ಳಿಯದು. ಕೊಳ್ಳಲು ಬಂದವನು ಚಿನ್ನಕ್ಕೆಂದು ಏನೋ ಒಂದಿಷ್ಟು ಕೊಟ್ಟು ಬೆಳ್ಳಿಯ ಮಾತನ್ನೇ ಎತ್ತದಿದ್ದರೆ, ಎತ್ತಬೇಕಾದವರು ನಾವು.

ಈ ಕೆಲಸವೂ ಹೊಸದಲ್ಲ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಶಿಲ್ಪಶಾಸ್ತ್ರಜ್ಞ ವಿಟ್ರೂವಿಯಸನು, ಚಿನ್ನದ ಎಳೆ ನೇಯ್ದ ಬಟ್ಟೆ ಹಳತಾದಾಗ ಅದನ್ನು ಮಣ್ಣಿನ ಪಾತ್ರೆಯಲ್ಲಿ ಸುಟ್ಟು, ಬೂದಿಯನ್ನು ನೀರಿಗೆ ಹಾಕಿ, ಪಾದರಸವನ್ನು ಸೇರಿಸಿ, ಪಾದರಸವು ಚಿನ್ನವನ್ನು ನುಂಗಿದ ಮೇಲೆ ಬಟ್ಟೆಯಲ್ಲಿ ಹಿಂಡಿ ತೆಗೆಯುವ ಕ್ರಮವನ್ನು ಬರೆದಿಟ್ಟಿದ್ದಾನೆ. ನಮ್ಮ ದೇಶದಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವು ಸೀಸವನ್ನು ಸೇರಿಸಿ ಚಿನ್ನವನ್ನು ಶೋಧಿಸುವುದನ್ನು ಹೇಳುತ್ತದೆ. ಅಲ್ಲಿ ಬರುವ ಅಕ್ಷಶಾಲೆಯೇ ನಮ್ಮ ಅಕ್ಕಸಾಲೆ. ಕೆಲಸಗಾರರು ಚಿನ್ನವನ್ನು ಕದಿಯುವ ಉಪಾಯಗಳನ್ನೂ ಅದು ಒಂದೊಂದಾಗಿ ಎಣಿಸುತ್ತದೆ. ಓದುವಾಗ ಕಾಲವೇನೂ ಬದಲಾಗಿಲ್ಲವೆಂದು ತೋರುತ್ತದೆ.

ಸೀಸದ ಪುಟವೆಂದರೆ ಹೀಗೆ. ಬೂದಿಯಿಂದ ಬಂದ ಗುಂಡಿನಲ್ಲಿ ಚಿನ್ನದ ಜೊತೆಗೆ ತಾಮ್ರ, ತವರ, ಸತುವು ಇರುತ್ತವೆ. ಅದನ್ನು ಸೀಸದೊಡನೆ ಎಲುಬಿನ ಬೂದಿಯ ಬಟ್ಟಲಿನಲ್ಲಿ ಕರಗಿಸಿ ಗಾಳಿ ಊದಿದರೆ, ಸೀಸವು ಗಾಳಿಯನ್ನು ಕುಡಿದು ಮುರದಾಸಂಗಿಯಾಗಿ, ಕೀಳು ಲೋಹಗಳನ್ನೆಲ್ಲ ತನ್ನೊಡನೆ ಎಳೆದುಕೊಂಡು ಬಟ್ಟಲಿನೊಳಕ್ಕೆ ಇಂಗಿಹೋಗುತ್ತದೆ. ಕೊನೆಯಲ್ಲಿ ಒಂದು ಕ್ಷಣ ಮಿಂಚು ಹೊಡೆದಂತೆ ಹೊಳೆದು ಗುಂಡು ಶುಭ್ರವಾಗಿ ನಿಲ್ಲುತ್ತದೆ. ಈಗಲೂ ಚಿನ್ನದ ಅಚ್ಚನ್ನು ಪರೀಕ್ಷಿಸುವ ಕೇಂದ್ರಗಳಲ್ಲಿ ಕಡೆಯ ತೀರ್ಪು ಕೊಡುವುದು ಈ ಪುಟವೇ. ಆದರೆ ಪುಟದಿಂದ ಬೆಳ್ಳಿ ಹೋಗುವುದಿಲ್ಲ. ಅದನ್ನು ಬೇರ್ಪಡಿಸಲು ನೈಟ್ರಿಕ್ ಆಮ್ಲ ಬೇಕು. ಆಮ್ಲವು ಬೆಳ್ಳಿಯನ್ನು ಕರಗಿಸುತ್ತದೆ, ಚಿನ್ನವನ್ನು ಮುಟ್ಟುವುದಿಲ್ಲ. ಚಿನ್ನವೇ ಹೆಚ್ಚಾಗಿದ್ದರೆ ಆಮ್ಲವು ಒಳಕ್ಕೆ ಹೋಗಲಾರದಾದುದರಿಂದ, ಒಂದು ಪಾಲು ಚಿನ್ನಕ್ಕೆ ಮೂರು ಪಾಲು ಬೆಳ್ಳಿಯಾಗುವಂತೆ ಮೊದಲು ಬೆಳ್ಳಿಯನ್ನೇ ಸೇರಿಸುವುದುಂಟು. ಕಳ್ಳನನ್ನು ಹಿಡಿಯಲು ಕಳ್ಳನನ್ನೇ ಕರೆದಂತೆ! ಜರಿಯಲ್ಲಿ ಮಾತ್ರ ಈ ತೊಂದರೆಯಿಲ್ಲ. ಅಲ್ಲಿ ಬೆಳ್ಳಿ ಧಾರಾಳವಾಗಿಯೇ ಇದೆ.

ಚಿನ್ನವನ್ನೇ ಕರಗಿಸುವ ನೀರೂ ಒಂದಿದೆ. ಒಂದು ಪಾಲು ನೈಟ್ರಿಕ್ ಆಮ್ಲಕ್ಕೆ ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲ ಸೇರಿದ ರಾಜದ್ರಾವಕವದು. ಅದರಲ್ಲಿ ಕರಗಿದ ಚಿನ್ನಕ್ಕೆ ಅನ್ನಭೇದಿಯ ನೀರನ್ನು ಹಾಕಿದರೆ ಚಿನ್ನ ತಳಕ್ಕಿಳಿಯುತ್ತದೆ. ಇಳಿದದ್ದು ಹಳದಿಯಾಗಿರುವುದಿಲ್ಲ, ನಶ್ಯದಂಥ ಕಂದು ಪುಡಿ. ಅಪರಂಜಿಯೇ ಆದರೂ ಕರಗಿಸಿದ ಮೇಲೆ ಮಾತ್ರ ಅದಕ್ಕೆ ಚಿನ್ನದ ಮುಖ ಬರುತ್ತದೆ. ಅಕ್ಕಸಾಲೆಯವನು ತಟ್ಟೆಯ ತಳದ ಕೆಸರನ್ನು ತೋರಿಸಿ ಇದು ಹೊಲಸು ಎಂದರೆ ನಂಬಿಬಿಡಬಾರದು.

ಕ್ರಮವನ್ನು ಇಷ್ಟು ಬರೆದ ಮೇಲೆ ಮನೆಯಲ್ಲಿ ಮಾಡಿ ನೋಡುವ ಆಸೆ ಯಾರಿಗಾದರೂ ಹುಟ್ಟೀತೆಂದು ನಮಗೆ ಭಯವುಂಟು. ಹಾಗೆ ಮಾಡತಕ್ಕದ್ದಲ್ಲವೆಂದು ಸ್ಪಷ್ಟವಾಗಿ ಹೇಳುತ್ತೇವೆ. ಪಾದರಸವು ೩೫೭ ಡಿಗ್ರಿಯಲ್ಲಿ ಕುದಿಯುತ್ತದೆಂಬುದು ನಿಜವಾದರೂ, ಸುಮ್ಮನೆ ತಟ್ಟೆಯಲ್ಲಿಟ್ಟರೂ ಅದರ ಆವಿ ಏಳುತ್ತಿರುತ್ತದೆ; ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಂಕಿಗಿಟ್ಟಾಗ ಎದ್ದ ಆವಿ ಗೋಡೆಗೂ ಸೂರಿಗೂ ಹಿಡಿದು, ವರ್ಷಗಳವರೆಗೆ ಅಲ್ಲಿ ಮಲಗುವವರ ನರಗಳನ್ನು ಕೆಡಿಸುತ್ತದೆ. ಕೈ ನಡುಗುತ್ತದೆ, ಒಸಡು ಬಾಯುತ್ತದೆ, ಗರ್ಭದಲ್ಲಿರುವ ಶಿಶುವಿಗೂ ಅದು ಮುಟ್ಟುತ್ತದೆ. ಪಾದರಸದ ಬಳಕೆಯನ್ನು ತಗ್ಗಿಸಲು ೨೦೧೩ರಲ್ಲಿ ಆದ ಮಿನಮಾಟ ಒಡಂಬಡಿಕೆಯನ್ನು ನಮ್ಮ ದೇಶವೂ ೨೦೧೮ರಲ್ಲಿ ಸ್ಥಿರೀಕರಿಸಿತು. ಸೀಸದ ಹೊಗೆ ಮಕ್ಕಳ ಬುದ್ಧಿಯನ್ನು ಕುಂದಿಸುತ್ತದೆ. ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿ ಕರಗುವಾಗ ಏಳುವ ಕೆಂಗಂದು ಹೊಗೆಯ ಕ್ರೌರ್ಯ ಬೇರೆಯ ಬಗೆಯದು: ಸೇದಿದಾಗ ಬರಿಯ ಕೆಮ್ಮು, ಸ್ವಲ್ಪ ಹೊತ್ತಿಗೆ ಎಲ್ಲ ಸರಿಯಾಯಿತೆಂದು ತೋರುತ್ತದೆ, ಹಲವು ಗಂಟೆಗಳ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಕ್ಕೇ ಬರಬಹುದು. ಆ ಹೊಗೆ ಸೇದಿದವರನ್ನು, ಚೆನ್ನಾಗಿದ್ದೇನೆಂದು ಅವರು ಹೇಳಿದರೂ, ಕೂಡಲೆ ಆಸ್ಪತ್ರೆಗೆ ಕರೆದೊಯ್ಯಬೇಕು. ಹಳೆಯ ಮೊಬೈಲಿನ ಫಲಕಗಳನ್ನು ಹಿತ್ತಿಲಲ್ಲಿ ಆಮ್ಲಕ್ಕೆ ಹಾಕಿ ಚಿನ್ನ ತೆಗೆಯುವೆವೆಂದು ಹೊರಡುವ ತರುಣರಿಗೂ ಇದೇ ಮಾತು.

ಎರಡು ಗುಲಗಂಜಿ ಚಿನ್ನ ನಮಗೆ ಸುಲಭವಾಗಿ ಬಂತೆಂದರೆ, ಆ ಹೊಗೆಯನ್ನು ಯಾರೋ ಒಬ್ಬರು ಕುಡಿದಿದ್ದಾರೆಂದೇ ಅರ್ಥ. ಇಕ್ಕಟ್ಟಾದ ಕೋಣೆಯಲ್ಲಿ, ಹೊಗೆ ಹೋಗುವ ಕೊಳವೆಯಿಲ್ಲದೆ, ಮಗ್ಗುಲಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಈ ಕೆಲಸ ಮಾಡುವ ಬಡವರು ಎಷ್ಟೋ ಮಂದಿ. ಆದಕಾರಣ ಜರಿಯನ್ನೋ ಕಸವನ್ನೋ ಕೊಡುವಾಗ, ಹೊಗೆಯನ್ನು ಎಳೆದು ತೊಳೆಯುವ ಯಂತ್ರವಿರುವ ಶೋಧನಾಲಯಕ್ಕೆ ಕೊಡುವುದು ಲೇಸು. ಕೂಲಿ ಸ್ವಲ್ಪ ಹೆಚ್ಚಾದರೂ ಆಗಲಿ.

ಮಾರುವವರು ಕೆಲವು ಸಂಗತಿಗಳನ್ನು ನೆನಪಿಡಬೇಕು. ಜರಿಯ ಒಂದೆಳೆಯನ್ನು ಒರಟು ಕಲ್ಲಿನ ಮೇಲೆ ತಿಕ್ಕಿದರೆ ಒಳಗಿನಿಂದ ಬಿಳುಪು ಕಂಡರೆ ಬೆಳ್ಳಿ, ಕೆಂಪು ಕಂಡರೆ ತಾಮ್ರ; ಬೆಂಕಿಗೆ ಹಿಡಿದಾಗ ಕರಗಿ ಮುದುಡಿದರೆ ಪ್ಲಾಸ್ಟಿಕ್ಕು, ಅದಕ್ಕೆ ಬೆಲೆಯಿಲ್ಲ. ಅಂಗಡಿಗಳಲ್ಲಿರುವ ಎಕ್ಸ್-ಕಿರಣದ ಯಂತ್ರವು ಲೋಹದ ಮೇಲ್ಮೈಯನ್ನು ಮಾತ್ರ ಓದುತ್ತದೆ. ಪೂಸಣಿಕೆಯ ಮೇಲೆ ಹಿಡಿದ ಲೆಕ್ಕ ಯಾವ ಕಡೆಗೂ ಸರಿಯಲ್ಲ. ಜರಿಯನ್ನು ಸುಟ್ಟು ಕರಗಿಸಿ ಗುಂಡು ಮಾಡಿದ ಮೇಲೆಯೇ ಪರೀಕ್ಷೆಯಾಗಬೇಕು; ಸುಡುವ ಮೊದಲೂ ಕರಗಿಸಿದ ಮೇಲೂ ನಮ್ಮ ಕಣ್ಣೆದುರಿಗೇ ತೂಕವಾಗಬೇಕು. ಇನ್ನೂ ಉಡಬಹುದಾದ ಸೀರೆಯನ್ನು ಮಾತ್ರ ಸುಡಲು ಕೊಡಬೇಡಿ. ಸೆರಗು ಅಂಚುಗಳನ್ನು ಬಿಡಿಸಿ ಹೊಸ ರೇಷ್ಮೆಗೆ ಹೊಲಿಸಿದರೆ ಮಗಳ ಲಂಗಕ್ಕೋ ಮೊಮ್ಮಗಳ ರವಿಕೆಗೋ ಆಗುತ್ತದೆ. ಎರಡು ಗುಲಗಂಜಿಯ ಬೆಲೆಗಿಂತ ಅದೇ ಹೆಚ್ಚು ಬಾಳುತ್ತದೆ.

ಕಡೆಯದಾಗಿ ಇನ್ನೊಂದು ಮಾತು. ಜಗಳೂರಿನ ಕಡೆಯ ಒಣನೆಲದ ಹಳ್ಳಿಯಾಗಲಿ, ಚನ್ನಗಿರಿಯ ಕಡೆಯ ಅಡಕೆ ತೋಟದ ಮನೆಯಾಗಲಿ, ಗಂಡಸರು ಕೆಲಸಕ್ಕೆ ಹೋದ ಹೊತ್ತಿನಲ್ಲಿ, “ಅಮ್ಮಾ, ಒಡವೆಗೆ ಮೆರುಗು ಹಾಕಿಕೊಡುತ್ತೇವೆ” ಎಂದು ಬರುವವರುಂಟು. ಮೊದಲು ಹಿತ್ತಾಳೆಯ ಚೊಂಬನ್ನು ಥಳಥಳಿಸುವಂತೆ ಉಜ್ಜಿ ತೋರಿಸುತ್ತಾರೆ. ಬಳಿಕ ಬಳೆಯನ್ನೋ ಸರವನ್ನೋ ಒಂದು ಬಟ್ಟಲ ನೀರಿಗೆ ಹಾಕಿಸುತ್ತಾರೆ. ಆ ನೀರೇ ರಾಜದ್ರಾವಕ. ಒಡವೆ ಹೊಳೆಯುತ್ತಲೇ ಹೊರಗೆ ಬರುತ್ತದೆ, ಸರದ ಕೊಂಡಿಗಳು ಮಾತ್ರ ಸವೆದು ಸಣ್ಣಗಾಗಿರುತ್ತವೆ. ಕರಗಿದ ಚಿನ್ನ ಬಟ್ಟಲಲ್ಲಿ ಕುಳಿತು ಅವರೊಡನೆ ಹೋಗುತ್ತದೆ. ಅಂಥವರು ಓಡಿಹೋಗುವ ಗಡಿಬಿಡಿಯಲ್ಲಿ ಬಟ್ಟಲನ್ನು ಬಿಟ್ಟುಹೋದರೆ, ಹೊಲಸು ನೀರೆಂದು ಅದನ್ನು ಮೋರಿಗೆ ಚೆಲ್ಲಬಾರದು. ಕೈ ಹಾಕದೆ, ಮಕ್ಕಳಿಗೆ ಎಟುಕದ ಜಾಗದಲ್ಲಿ, ಬಾಗಿಲು ಕಿಟಕಿಗಳನ್ನು ತೆರೆದು ಅದನ್ನು ಹಾಗೆಯೇ ಇಟ್ಟು, ಪೊಲೀಸಿನವರಿಗೆ ತಿಳಿಸಿ. ಬಳೆಯಿಂದ ಹೋದ ಚಿನ್ನವೆಲ್ಲ ಆ ಹಳದಿ ನೀರಿನಲ್ಲಿಯೇ ಇರುತ್ತದೆ. ಬಲ್ಲವರು ಅನ್ನಭೇದಿಯಿಂದ ಅದನ್ನು ಮತ್ತೆ ಇಳಿಸಿಕೊಡಬಲ್ಲರು.